ಧಕ್ಕೆಯ ಹಿಂದಿನ ಊರು

ರೈಲಿನಲ್ಲಿ ಮುಂಬಯಿಗೆ ಬರುವವನು ನೇರವಾಗಿ ನಗರದ ನಡುಮನೆಗೇ ಬಂದು ಇಳಿಯುತ್ತಾನೆ. ಬೋರಿಬಂದರಿನ ಕಮಾನುಗಳ ಕೆಳಗಿನಿಂದ ಹೊರಬಿದ್ದೊಡನೆ ಎದುರಿಗೆ ಮಹಾನಗರಪಾಲಿಕೆಯ ಭವನ, ಆಚೆ ಕೋಟೆಯ ಪ್ರದೇಶ, ಅದರಾಚೆ ಹೈಕೋರ್ಟು, ವಿಶ್ವವಿದ್ಯಾನಿಲಯ. ಕಡಲಿನಿಂದ ಬರುವವನ ಪಾಡು ಹಾಗಲ್ಲ. ಅವನು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಾನೆ. ಅವನನ್ನು ಮೊದಲು ಇದಿರುಗೊಳ್ಳುವುದು ಮೀನಿನ ಬುಟ್ಟಿ, ಹಗ್ಗದ ಸುರುಳಿ, ಗೋದಾಮಿನ ಗೋಡೆ. ಅವನ್ನು ದಾಟಿದರೆ ಒಂದು ದಿಬ್ಬ. ದಿಬ್ಬದ ಸುತ್ತ ಒಂದು ಹಳೆಯ ಊರು. ಆ ಹಿತ್ತಿಲ ಬಾಗಿಲಿನ ಹೆಸರು ಭಾವೂಚಾ ಧಕ್ಕಾ. ಊರಿನ ಹೆಸರು ಮಾಝಗಾಂವ.

ಧಕ್ಕೆ ಎಂದರೇನೆಂದು ನಮ್ಮ ಕರಾವಳಿಯವರಿಗೆ ಹೇಳಬೇಕಾದುದಿಲ್ಲ. ಮಂಗಳೂರಿನಲ್ಲಿಯೂ ಆ ಮಾತು ಬಳಕೆಯಲ್ಲಿದೆ. ಹಡಗು ದೋಣಿಗಳು ಬಂದು ತಗಲುವ ಕಟ್ಟೆ ಎಂದು ಬಯಲುಸೀಮೆಯವರು ತಿಳಿದುಕೊಂಡರೆ ಸಾಕು. ಕೊಂಕಣ, ಗೋವೆ, ಕಾರವಾರದ ಕಡೆಯ ಹಲವು ತಲೆಮಾರಿನವರು ಮುಂಬಯಿಯನ್ನು ಮೊದಲು ಕಂಡದ್ದು ಇಂಥ ಒಂದು ಕಟ್ಟೆಯ ಮೇಲೆ ನಿಂತು. ನಗರದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಕೋಟೆಯಿಂದ, ಗವರ್ನರರ ಪಟ್ಟಿಯಿಂದ ಆರಂಭಿಸುತ್ತಾರೆ. ಧಕ್ಕೆಯ ಕಡೆಯಿಂದ ನೋಡಿದರೆ ಅದೇ ಚರಿತ್ರೆ ಬಂದವರ, ಹೊರಟವರ, ಹೊರಡಲೆಂದು ಕಾದು ಕುಳಿತವರ ಚರಿತ್ರೆಯಾಗಿ ಕಾಣುತ್ತದೆ.

ಕಾಯುವುದೆಂದರೆ ಸುಮ್ಮನೆ ಅಲ್ಲ. ಒಂದು ರಾತ್ರಿ ಕಡಲ ಮೇಲೆ ಕಳೆಯಬೇಕಾದ ಆಗಬೋಟಿಗೆ ಹೊರಟವರು ಗಂಟೆಗಟ್ಟಲೆ ಮುಂಚಿತವಾಗಿಯೇ ಹೋಗಬೇಕಾಗಿದ್ದಿತು. ಡೆಕ್ಕಿನ ಮೇಲೆ ಚಾಪೆ ಬಿಡಿಸುವಷ್ಟು ಜಾಗ ಮೊದಲು ಬಂದವನದು. ಆದಕಾರಣ ಗಂಟುಮೂಟೆಯ ಬಳಿ ಮನೆಯ ಹಿರಿಯರೊಬ್ಬರನ್ನು ಕೂಡಿಸಿ, ಉಳಿದವರು ಊರಲ್ಲಿ ಒಂದು ಸುತ್ತು ಹಾಕಿ ಬರುವುದಕ್ಕೆ ಅವಕಾಶವಿದ್ದಿತು. ಆ ಎರಡು ಮೂರು ಗಂಟೆಯ ಸುತ್ತನ್ನೇ ನಾವೂ ಈಗ ಹಾಕೋಣ.

ಡಾಕ್‌ಯಾರ್ಡ್ ರೋಡ್ ಎಂದು ಬಹುಕಾಲದಿಂದ ಪರಿಚಿತವಾದ ರೈಲು ನಿಲ್ದಾಣದ ಮಗ್ಗುಲಲ್ಲೇ ದಿಬ್ಬವಿದೆ. ಭಂಡಾರವಾಡಾ ಗುಡ್ಡ ಎಂದು ಹೆಸರು. ಮೇಲೆ ಉದ್ಯಾನವನ, ಅದರಡಿಯಲ್ಲಿ ನೀರಿನ ಭಾರಿ ತೊಟ್ಟಿ. ಹತ್ತಿ ನಿಂತರೆ ಪೂರ್ವದ ಕಡಲೆಲ್ಲ ಕಣ್ಣಿಗೆ ಬೀಳುತ್ತದೆ: ಕ್ರೇನುಗಳು, ಕಟ್ಟುತ್ತಿರುವ ಹಡಗುಗಳು, ಅವುಗಳಾಚೆ ಮಂಕು ಬೆಳ್ಳಿಯಂಥ ನೀರು. ಇಂಥ ಆಯಕಟ್ಟಿನ ಜಾಗವನ್ನು ಯಾವ ದೊರೆತನವೂ ಬಿಡುವುದಿಲ್ಲ. ಹದಿನೇಳನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲೊಂದು ಸಣ್ಣ ಕೋಟೆ ಕಟ್ಟಿದ್ದರು. ಅದರ ಕಥೆ ಕಂಪನಿಗೆ ಅಷ್ಟೇನೂ ಶೋಭೆ ತರುವಂಥದಲ್ಲ.

ಮೊಗಲರ ಹಡಗುಗಳನ್ನು ಕಂಪನಿಯವರು ಹಿಡಿದುದರಿಂದ ಔರಂಗಜೇಬನಿಗೆ ಕೋಪ ಬಂದಿದ್ದಿತು. 1689ರಲ್ಲಿ ಒಂದು ರಾತ್ರಿ ಜಂಜಿರೆಯ ಸಿದ್ದಿ ಯಾಕೂತ ಖಾನನ ಪಡೆ ಶಿವಡಿಯ ದಂಡೆಯಲ್ಲಿ ಸದ್ದಿಲ್ಲದೆ ಇಳಿಯಿತು. ಮಾಝಗಾಂವದ ಕೋಟೆಯಲ್ಲಿದ್ದವರು ತೋಪು, ಮದ್ದು, ಹಣದ ಪೆಟ್ಟಿಗೆಗಳನ್ನು ಅಲ್ಲಿಯೇ ಬಿಟ್ಟು ಓಡಿದರು. ಸಿದ್ದಿ ಇಲ್ಲಿ ಠಾಣ್ಯ ಹೂಡಿ, ಮುಂಬಯಿಯ ಮುಖ್ಯ ಕೋಟೆಯನ್ನು ವರ್ಷಕ್ಕೂ ಮಿಕ್ಕಿ ಮುತ್ತಿಗೆಯಲ್ಲಿಟ್ಟನು. ಕೊನೆಗೆ ಕಂಪನಿ ಬಾದಶಹನಲ್ಲಿ ಕ್ಷಮೆ ಬೇಡಿ, ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತಿತು. 1690ರಲ್ಲಿ ಸಿದ್ದಿ ಹೊರಡುವಾಗ ಈ ದಿಬ್ಬದ ಮೇಲಿನ ಕೋಟೆಯನ್ನು ಹಾಳುಗೆಡವಿ ಹೋದನು. ಈಗ ಅಲ್ಲಿ ಮಕ್ಕಳು ಆಡುತ್ತಾರೆ, ಮುದುಕರು ಗಾಳಿ ಸೇವಿಸುತ್ತಾರೆ. ಕೋಟೆಯ ಕುರುಹನ್ನು ಹುಡುಕಿಕೊಂಡು ಹೋದವನಿಗೆ ಸಿಗುವುದು ಒಳ್ಳೆಯ ಗಾಳಿ ಮಾತ್ರ.

ಮುಂಬಯಿ ಮೊದಲು ಏಳು ದ್ವೀಪಗಳಾಗಿದ್ದಿತಷ್ಟೆ. ಮಾಝಗಾಂವ ಅವುಗಳಲ್ಲೊಂದು. ಹೆಸರಿಗೆ ಮೂಲ ಮೀನಿನ ಊರು ಎಂಬುದೆಂದು ಹಲವರು; ಮರಾಠಿಯಲ್ಲಿ ‘ನನ್ನ ಊರು’ ಎಂದು ಅರ್ಥ ಮಾಡಿಕೊಂಡು ಸಂತೋಷಪಡುವವರೂ ಇದ್ದಾರೆ. ಎರಡನೆಯದು ಭಾಷಾಶಾಸ್ತ್ರಕ್ಕಿಂತ ಪ್ರೀತಿಯನ್ನು ಹೆಚ್ಚು ತೋರಿಸುತ್ತದೆ. 1572ರಲ್ಲಿ ಪೋರ್ತುಗಲ್ಲಿನ ಅರಸ ಈ ದ್ವೀಪವನ್ನು ಡಿ ಸೋಜಾ ಎ ಲಿಮಾ ಎಂಬ ಮನೆತನಕ್ಕೆ ಉಂಬಳಿಯಾಗಿ ಕೊಟ್ಟನು. 1632ರಲ್ಲಿ ಗ್ಲೋರಿಯಾ ಚರ್ಚು ಎದ್ದಿತು. ಆ ಹಳೆಯ ಚರ್ಚು ಇಲ್ಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕೆಡವಿದರು, 1913ರ ವೇಳೆಗೆ ಅದೇ ಹೆಸರಿನ ಹೊಸ ಚರ್ಚು ಪಕ್ಕದ ಭಾಯಖಳೆಯಲ್ಲಿ ನಿಂತಿತು.

ಆ ಕಾಲದ ಮಾಝಗಾಂವದ ಕೀರ್ತಿಗೆಲ್ಲ ಮುಖ್ಯ ಕಾರಣ ಮಾವು. ವರ್ಷಕ್ಕೆ ಎರಡು ಸಲ ಫಲ ಕೊಡುವ ಮರಗಳು ಇಲ್ಲಿ ಇದ್ದುವಂತೆ. 1812ರಲ್ಲಿ ತನ್ನ ಭಾರತ ಪ್ರವಾಸದ ದಿನಚರಿಯನ್ನು ಅಚ್ಚುಹಾಕಿಸಿದ ಮರಿಯಾ ಗ್ರಾಹಂ ಎಂಬ ಆಂಗ್ಲ ಮಹಿಳೆ, ಹಣ್ಣಿನ ಕಾಲದಲ್ಲಿ ಇಲ್ಲಿಯ ತಾಯಿಮರಕ್ಕೆ ಸಿಪಾಯಿಗಳ ಕಾವಲಿರುತ್ತಿದ್ದಿತೆಂದು ಬರೆದಳು. ಷಾಹಜಹಾನನ ಕಾಲದಲ್ಲಿ ಹಣ್ಣು ದಿಲ್ಲಿಗೆ ಬೇಗ ಮುಟ್ಟಲೆಂದು ದಾರಿಯುದ್ದಕ್ಕೂ ಅಂಚೆಯವರನ್ನು ನಿಲ್ಲಿಸಿದ್ದರೆಂದೂ ಅವಳ ಹೇಳಿಕೆ. ಐದು ವರ್ಷಗಳ ಮೇಲೆ ಐರಿಷ್ ಕವಿ ಥಾಮಸ್ ಮೂರ್ ಭಾರತವನ್ನು ಕಾಣದೆಯೇ ಬರೆದ ‘ಲಾಲಾ ರೂಖ್’ ಕಾವ್ಯದೊಳಗೂ ಮಾಝಗಾಂವದ ಮಾವು ಸೇರಿಕೊಂಡಿತು. ಊರೇ ಕಾಣದವನ ಕಾವ್ಯದಲ್ಲಿ ಊರಿನ ಹಣ್ಣು ಉಳಿಯಿತು, ಊರಿನ ತೋಪು ಉಳಿಯಲಿಲ್ಲ.

ತೋಪುಗಳ ನಡುವೆ ಕಂಪನಿಯ ಸಾಹುಕಾರರು ಬಂಗಲೆಗಳನ್ನು ಕಟ್ಟಿಕೊಂಡಿದ್ದರು. ಕಡಲ ಕಡೆಗೆ ಮುಖಮಾಡಿದ್ದ ಬೆಲ್ವೆಡೀರ್ ಎಂಬ ಮನೆಯೊಂದರಲ್ಲಿ ಡೇನಿಯಲ್ ಡ್ರೇಪರ್ ಎಂಬ ಅಧಿಕಾರಿ ಇದ್ದನು. ಅವನ ಹೆಂಡತಿ ಎಲೈಜಾ ಕೇರಳದ ಅಂಚುತೆಂಗಿನಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲೇ ಮದುವೆಯಾಗಿ, ಗಂಡನೊಡನೆ ತಲಚೇರಿ ಮುಂಬಯಿಗಳಲ್ಲಿ ಬಾಳಿದಳು. ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ ಲಾರೆನ್ಸ್ ಸ್ಟರ್ನ್ ಅವಳಿಗೆ ಮನಸೋತು ಪತ್ರಗಳನ್ನು ಬರೆದಿದ್ದನು. ಅವಳ ಸಂಸಾರ ಮಾತ್ರ ಸುಖವಾಗಿರಲಿಲ್ಲ. 1773ರ ಜನವರಿಯ ಒಂದು ರಾತ್ರಿ ಆಕೆ ಈ ಮನೆಯ ಕಿಟಕಿಯಿಂದ ಹಗ್ಗದ ಏಣಿಯಲ್ಲಿ ಇಳಿದು, ಕೆಳಗೆ ಕಾದಿದ್ದ ದೋಣಿ ಹತ್ತಿ, ಬಂದರಿನಲ್ಲಿ ನಿಂತಿದ್ದ ಯುದ್ಧನೌಕೆಗೆ ಹೋಗಿಬಿಟ್ಟಳೆಂದು ಪ್ರತೀತಿ. ಗಂಡನನ್ನು ಬಿಟ್ಟು ಓಡಿದವಳೆಂದು ಅಂದಿನ ಮುಂಬಯಿ ಆಡಿಕೊಂಡಿತು. ಮಾಝಗಾಂವದಿಂದ ರಾತ್ರಿ ಕಡಲಿಗೆ ಹೊರಟವರ ಪಟ್ಟಿಯನ್ನು ಯಾರಾದರೂ ಬರೆದರೆ ಅವಳ ಹೆಸರನ್ನು ಮೊದಲ ಸಾಲಿನಲ್ಲಿ ಹಾಕಬೇಕೆಂದು ನನ್ನ ಮತ. ಮನೆ ಈಗಿಲ್ಲ.

ದಿಬ್ಬದಿಂದ ಇಳಿದು ಸ್ವಲ್ಪ ಉತ್ತರಕ್ಕೆ ನಡೆದರೆ ಮಾತಾರಪಾಖಾಡಿ ಸಿಗುತ್ತದೆ. ಮಹಾನಗರದ ಗದ್ದಲದ ಮಧ್ಯದಲ್ಲಿ ಒಂದು ಹಳ್ಳಿ: ಇಕ್ಕಟ್ಟಾದ ಓಣಿ, ಮರದ ಕಠಾಂಜನದ ಹೊರಜಗಲಿ, ಹೊರಗಿನಿಂದಲೇ ಮಹಡಿಗೇರುವ ಮೆಟ್ಟಿಲು, ನಡುವೆ ಶಿಲುಬೆಯ ಗುಡಿ. ಇಲ್ಲಿಯವರು ಈಸ್ಟ್ ಇಂಡಿಯನ್ ಎಂದು ಕರೆಸಿಕೊಳ್ಳುವ ಸ್ಥಳೀಯ ಕ್ರೈಸ್ತರು. ಮನೆಮಾತು ಮರಾಠಿಯ ಒಂದು ಬಗೆ. 1864ರಲ್ಲಿ ಹುಟ್ಟಿದ ಜೋಸೆಫ್ ಬಾಪ್ಟಿಸ್ಟಾ ಈ ಕೇರಿಯವರು. ಜನ ಅವರನ್ನು ಕಾಕಾ ಎಂದು ಕರೆಯುತ್ತಿದ್ದರು. ಬ್ಯಾರಿಸ್ಟರರಾಗಿ ಲೋಕಮಾನ್ಯ ತಿಲಕರ ಬಲಗೈಯಂತಿದ್ದ ಇವರೇ, 1916ರಲ್ಲಿ ನಮ್ಮ ಬೆಳಗಾವಿಯಲ್ಲಿ ತಿಲಕರ ಹೋಮ್ ರೂಲ್ ಲೀಗು ಸ್ಥಾಪನೆಯಾದಾಗ ಅದರ ಅಧ್ಯಕ್ಷರಾದರು. 1925ರಲ್ಲಿ ಮುಂಬಯಿಯ ಮೇಯರರಾದರು. ಸಿದ್ದಿ ಕೆಡವಿದ ಕೋಟೆಯ ಜಾಗದಲ್ಲಿರುವ ಉದ್ಯಾನಕ್ಕೆ ಈಗ ಅವರ ಹೆಸರಿದೆ.

ಈ ಓಣಿಗಳ ಆಸುಪಾಸಿನಲ್ಲಿ, ಹಾಗೆಯೇ ಧೋಬಿತಲಾವಿನ ಕಡೆ, ಗೋವೆಯವರ ‘ಕೂಡ’ಗಳಿದ್ದುವು. ಕೂಡವೆಂದರೆ ಒಂದೊಂದು ಹಳ್ಳಿಯವರು ತಮ್ಮವರಿಗಾಗಿ ಬಾಡಿಗೆಗೆ ಹಿಡಿದ ಮನೆ. ಹಡಗುಗಳಲ್ಲಿ ಅಡುಗೆಯವರಾಗಿ, ಖಲಾಸಿಗಳಾಗಿ, ಬಡಿಸುವವರಾಗಿ ದುಡಿಯುವ ಗಂಡಸರು ಮುಂದಿನ ಹಡಗು ಸಿಗುವತನಕ ಅಲ್ಲಿ ಇಳಿದುಕೊಳ್ಳುತ್ತಿದ್ದರು. ಗೋಡೆಯುದ್ದಕ್ಕೂ ಟ್ರಂಕುಗಳ ಸಾಲು, ಒಂದು ಕೊನೆಯಲ್ಲಿ ಊರ ದೇವರ ಪೀಠ, ಸಂಜೆ ಎಲ್ಲರೂ ಸೇರಿ ಜಪಮಾಲೆ. ಒಬ್ಬೊಬ್ಬನಿಗೂ ಇದ್ದ ಜಾಗ ಅವನ ಟ್ರಂಕಿನಷ್ಟೇ. ಅಲ್ಲಿ ಕಾದು ಕುಳಿತವನು ಮುಂದೆ ಎಲ್ಲಿಗೆ ಹೋಗುವನೋ, ಯಾವ ವರ್ಷ ಬರುವನೋ ಅವನಿಗೇ ತಿಳಿಯದು. ಒಂದು ರಾತ್ರಿಯ ಪಯಣಕ್ಕೆ ಚಾಪೆ ಹಿಡಿದು ಬಂದ ನಮ್ಮಂಥವರ ಕಾಯುವಿಕೆ ಅವರದರ ಮುಂದೆ ಏನೂ ಅಲ್ಲ.

ಕಡಲು ಇನ್ನೂ ದೂರದವರನ್ನೂ ಇಲ್ಲಿಗೆ ತಂದಿದೆ. ನವಾಬ ಟ್ಯಾಂಕ್ ರಸ್ತೆಯಲ್ಲಿ ಮೇಲಂತಸ್ತಿನ ಮೇಲೊಂದು ಚೀನೀ ದೇವಾಲಯವುಂಟು, 1919ರದು, ಕಾಂಟನ್ ಸೀಮೆಯಿಂದ ಬಂದ ನಾವಿಕರು, ಬಂದರಿನ ಕೆಲಸಗಾರರು ಕಟ್ಟಿಕೊಂಡದ್ದು. 1962ರ ಯುದ್ಧದ ತರುವಾಯ ಅವರಲ್ಲಿ ಬಹುಮಂದಿ ದೇಶ ಬಿಟ್ಟರು, ದೇವರು ಉಳಿದನು. ಹಸನಾಬಾದಿನಲ್ಲಿ ಇರಾನಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿ 1881ರಲ್ಲಿ ತೀರಿಕೊಂಡ ಮೊದಲನೆಯ ಆಗಾ ಖಾನರ ಸಮಾಧಿಮಂದಿರವಿದೆ. ಇವೆಲ್ಲ ಒಂದರಿಂದೊಂದು ಕೂಗಳತೆಯ ದಾರಿ ಎನ್ನಬಹುದು.

ಇನ್ನು ದಂಡೆಗೆ ಬರೋಣ. ದಂಡೆ ಎಂದೆನಾದರೂ ಇಲ್ಲಿ ನಿಜವಾದ ದಂಡೆ ಎಲ್ಲಿಯೂ ಇಲ್ಲ. ಎಲ್ಲವೂ ಮನುಷ್ಯ ಕಡಲಿನಿಂದ ಕಿತ್ತುಕೊಂಡ ನೆಲ. 1870ರ ದಶಕದಲ್ಲಿ ದಕ್ಷಿಣಕ್ಕೆ ಪ್ರಿನ್ಸಸ್ ಡಾಕಿಗೆಂದು ಅಗೆಯುತ್ತಿದ್ದಾಗ ಕೆಸರಿನಡಿಯಲ್ಲಿ ಒಂದು ಕಾಡೇ ಸಿಕ್ಕಿತು. ಮುನ್ನೂರಕ್ಕೂ ಮೀರಿ ಕಾಚಿನ ಮರಗಳು. ಅನೇಕವು ಬೇರು ಬಿಟ್ಟುಕೊಂಡು ನಿಂತ ಹಾಗೆಯೇ ಇದ್ದುವು. ಯಾವುದೋ ಕಾಲದಲ್ಲಿ ನೆಲ ಕುಸಿದು ಕಡಲು ನುಂಗಿದ ಕಾಡು ಅದು. ಮನುಷ್ಯ ಕಡಲಿನಿಂದ ಕಿತ್ತುಕೊಳ್ಳುವ ಮೊದಲೇ ಕಡಲು ತನ್ನ ಪಾಲನ್ನು ಕಿತ್ತುಕೊಂಡಿದ್ದಿತು. ಉತ್ತರಕ್ಕೆ 1774ರಲ್ಲಿ ಒಂದು ಚಿಕ್ಕ ಒಣಡಾಕಾಗಿ ಆರಂಭವಾದದ್ದು ಬೆಳೆದು ಮಾಝಗಾಂವ ಡಾಕ್ ಆಯಿತು. 1960ರಲ್ಲಿ ಸರಕಾರದ ವಶಕ್ಕೆ ಬಂದು, 1972ರಲ್ಲಿ ‘ನೀಲಗಿರಿ’ ಎಂಬ ಯುದ್ಧನೌಕೆಯನ್ನು ನಮ್ಮ ನೌಕಾಪಡೆಗೆ ಕಟ್ಟಿಕೊಟ್ಟಿತು.

1944ರ ಏಪ್ರಿಲ್ 14ನೆಯ ತಾರೀಖಿನ ಮಧ್ಯಾಹ್ನವನ್ನು ಈ ಊರು ಮರೆತಿಲ್ಲ. ವಿಕ್ಟೋರಿಯಾ ಡಾಕಿನಲ್ಲಿ ‘ಫೋರ್ಟ್ ಸ್ಟಿಕೀನ್’ ಎಂಬ ಹಡಗು ನಿಂತಿದ್ದಿತು. ಅದರೊಳಗೆ ಹತ್ತಿಯ ಬೇಲುಗಳು, ಹತ್ತಿರವೇ ಸಾವಿರಕ್ಕೂ ಹೆಚ್ಚು ಟನ್ನು ಸಿಡಿಮದ್ದು, ಜೊತೆಗೆ ಚಿನ್ನದ ಗಟ್ಟಿಗಳು. ಇವನ್ನೆಲ್ಲ ಒಂದೇ ಹೊಟ್ಟೆಗೆ ತುಂಬಿದವರ ಬುದ್ಧಿಯನ್ನು ಏನೆನ್ನೋಣ! ಹತ್ತಿಗೆ ಬೆಂಕಿ ಹಿಡಿಯಿತು. ನಾಲ್ಕು ಗಂಟೆ ದಾಟಿದ ಮೇಲೆ ಅರ್ಧ ಗಂಟೆಯ ಅಂತರದಲ್ಲಿ ಎರಡು ಸಿಡಿತಗಳು. ಸಿಮ್ಲೆಯ ಭೂಕಂಪಮಾಪಕದ ಸೂಜಿಯೂ ಅಲುಗಿತು. ನೂರಾರು ಜನ ಸತ್ತರು, ಸಹಸ್ರಾರು ಜನ ಮನೆಮಠ ಕಳೆದುಕೊಂಡರು. ಮೈಲಿಯಾಚೆ ಪಾರ್ಸಿ ಗೃಹಸ್ಥರೊಬ್ಬರ ಮನೆಗೆ ಛಾವಣಿ ತೂರಿಕೊಂಡು ಚಿನ್ನದ ಗಟ್ಟಿಯೊಂದು ಬಿದ್ದಿತು. ಅವರು ಅದನ್ನು ಸರಕಾರಕ್ಕೆ ಒಪ್ಪಿಸಿದರು. ರೇಡಿಯೋ ಕೇಳುವ ನಮಗೆ ಇದರಲ್ಲಿ ಒಂದು ವಿಶೇಷವುಂಟು. ಯುದ್ಧಕಾಲದ ನಿರ್ಬಂಧದಿಂದ ಇಲ್ಲಿಯ ವರದಿಗಾರರ ಬಾಯಿ ಕಟ್ಟಿದ್ದಿತು. ಮುಂಬಯಿಯ ಈ ಅನಾಹುತವನ್ನು ಹೊರಜಗತ್ತಿಗೆ ವಿವರವಾಗಿ ಮೊದಲು ತಿಳಿಸಿದ್ದು, ಮರುದಿನ, ಜಪಾನೀಯರ ಕೈಯಲ್ಲಿದ್ದ ಸೈಗಾನ್ ಆಕಾಶವಾಣಿ.

ಧಕ್ಕೆಯ ಹೆಸರಿನ ಭಾವು ಯಾರು? ಲಕ್ಷ್ಮಣ ಹರಿ ಅಜಿಂಕ್ಯ ಎಂಬವರು. ಮರಾಠಿಯಲ್ಲಿ ಭಾವು ಎಂದರೆ ಅಣ್ಣ. ಹತ್ತೊಂಬತ್ತನೆಯ ಶತಮಾನದಲ್ಲಿ, ಹಡಗಿನಿಂದ ಇಳಿಯುವ ಹೆಂಗಸರು ಮಕ್ಕಳು ಕೆಸರಿನಲ್ಲಿ ಪಡುತ್ತಿದ್ದ ಪಾಡನ್ನು ಕಂಡು, ಕಡಲನ್ನು ತುಂಬಿಸಿ ಕಟ್ಟೆ ಕಟ್ಟಿಸಿದವರೆಂದು ಅವರ ಖ್ಯಾತಿ. ಸರಕಾರಿ ಕಾಗದಗಳಲ್ಲಿ ಇದು ಫೆರಿ ವಾರ್ಫ್. ಆ ಹೆಸರು ಕಾಗದದಲ್ಲೇ ಉಳಿಯಿತು.

ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದರಾಸಿನ ಆಧಿಪತ್ಯದಿಂದ ಮುಂಬಯಿ ಇಲಾಖೆಗೆ ಸೇರಿತು. ಮುಂಬಯಿಯ ಹೈಕೋರ್ಟು ಆರಂಭವಾದದ್ದೂ ಅದೇ ವರ್ಷ. ಅಲ್ಲಿಂದ 1956ರವರೆಗೆ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರಗಳ ಪಾಲಿಗೆ ಮುಂಬಯಿಯೇ ರಾಜಧಾನಿ. ಆಸ್ತಿಯ ಅಪೀಲು ಅಲ್ಲಿ, ವಿಶ್ವವಿದ್ಯಾನಿಲಯ ಅಲ್ಲಿ, ನೌಕರಿಯೂ ಅಲ್ಲಿ. ರೈಲು ಮಾತ್ರ ಕಾರವಾರಕ್ಕೆ ಬಂದಿರಲಿಲ್ಲ. ಪಶ್ಚಿಮಕ್ಕೆ ಕಡಲೇ ಹೆದ್ದಾರಿ. ಹೀಗೆ ಕೆನರಾದಿಂದ ಹೋಗಿ ಗಿರಗಾಂವ, ಗಾಂವದೇವಿಗಳ ಚಾಳುಗಳಲ್ಲಿ ನೆಲೆಸಿದ ಸಾರಸ್ವತರು ಸೇರಿ 1915ರಲ್ಲಿ ಗಾಂವದೇವಿಯಲ್ಲಿ ಸಹಕಾರ ತತ್ತ್ವದ ಮೇಲೆ ಗೃಹನಿರ್ಮಾಣ ಸಂಘವನ್ನು ಸ್ಥಾಪಿಸಿದರು. ದೇಶದಲ್ಲಿಯೇ ಅಂಥ ಮೊದಲ ಸಂಘವೆಂದು ಅದನ್ನು ಹೇಳುತ್ತಾರೆ. ಕಡಲದಾರಿಯ ಇನ್ನೊಬ್ಬ ಯಾತ್ರಿಕರ ನೆನಪೂ ಬರುತ್ತದೆ. 1883ರಲ್ಲಿ ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಕೆಲಕಾಲ ಇದ್ದರು. ಅಲ್ಲಿ ಬರೆದ ‘ಪ್ರಕೃತಿಯ ಪ್ರತಿಶೋಧ’ಕ್ಕೆ ಬೇಕಾದ ಕೆಲವು ಹಾಡುಗಳನ್ನು ಹಿಂತಿರುಗುವಾಗ ಹಡಗಿನ ಡೆಕ್ಕಿನ ಮೇಲೆ ಕುಳಿತು, ಹಾಡಿಕೊಳ್ಳುತ್ತಲೇ ರಚಿಸಿದರೆಂದು ತಮ್ಮ ಸ್ಮೃತಿಗಳಲ್ಲಿ ಹೇಳಿದ್ದಾರೆ.

ಡೆಕ್ಕಿನ ಮೇಲೆ ಎಲ್ಲರೂ ಹಾಡು ಕಟ್ಟುತ್ತಿರಲಿಲ್ಲ. ಹರ್ಣೈ, ದಾಭೋಳ, ಜಯಗಡ, ರತ್ನಾಗಿರಿ, ವಿಜಯದುರ್ಗ, ದೇವಗಡ, ಮಾಲವಣ, ವೆಂಗುರ್ಲೆ ಎಂದು ಬಂದರು ಬಂದರಿಗೂ ಆಗಬೋಟು ದೂರದಲ್ಲಿ ನಿಂತು ಸಿಳ್ಳು ಹಾಕಬೇಕು. ದಂಡೆಯಿಂದ ಪಡಾವುಗಳು ಬರಬೇಕು. ಏಳುಬೀಳುವ ಪಡಾವಿನಿಂದ ಮಗುವನ್ನು ಒಬ್ಬ ಮೇಲಕ್ಕೆತ್ತಿದರೆ ಇನ್ನೊಬ್ಬ ಹಿಡಿಯಬೇಕು. ಮಳೆಗಾಲದ ನಾಲ್ಕು ತಿಂಗಳು ಈ ದೂರದ ಹಡಗುಗಳು ನಿಲ್ಲುತ್ತಿದ್ದುವು. ಹತ್ತಿರದ ದಾಟುವಿಕೆಗಳು ಮಳೆಯಲ್ಲಿಯೂ ನಡೆಯುತ್ತಿದ್ದುವು. ಮಳೆಗಾಲದ ಈ ಓಡಾಟದಲ್ಲಿಯೇ ‘ರಾಮದಾಸ’ ಮುಳುಗಿತು.

ಸ್ವದೇಶೀ ಭಾವನೆಯಿಂದ ಹುಟ್ಟಿದ ಒಂದು ಸಹಕಾರಿ ನೌಕಾಕಂಪನಿ ತನ್ನ ಹಡಗುಗಳಿಗೆ ಸಂತರ ಹೆಸರಿಟ್ಟಿದ್ದಿತು. ಪೈಪೋಟಿಯಲ್ಲಿದ್ದ ಪರದೇಶೀ ಕಂಪನಿಯ ಬದಲು ನಮ್ಮವರದನ್ನು ಹತ್ತೋಣವೆಂದು ಜನ ಅಭಿಮಾನದಿಂದ ಹತ್ತುತ್ತಿದ್ದರು. 1947ರ ಜುಲೈ 17ರ ಬೆಳಿಗ್ಗೆ ‘ರಾಮದಾಸ’ ಭಾವೂಚಾ ಧಕ್ಕೆಯಿಂದ ರೇವಸಕ್ಕೆ ಹೊರಟಿತು. ಸ್ವಾತಂತ್ರ್ಯಕ್ಕೆ ಇನ್ನು ಒಂದು ತಿಂಗಳೂ ಇರಲಿಲ್ಲ. ಏಳುನೂರರಷ್ಟು ಜನ, ಹಬ್ಬಕ್ಕೆ ಊರಿಗೆ ಹೊರಟವರು, ವ್ಯಾಪಾರಿಗಳು, ಮೀನುಗಾರರು. ಸುಮಾರು ಅರ್ಧ ಗಂಟೆ ಕಳೆದಿರಬಹುದು. ಗಾಳಿಮಳೆ ಬಲವಾಯಿತು, ತೆರೆ ಒಳನುಗ್ಗಿತು, ಜನ ಹೆದರಿ ಒಂದು ಮಗ್ಗುಲಿಗೆ ಸರಿದರು, ಹಡಗು ಮಗುಚಿತು. ಆರುನೂರಕ್ಕೂ ಹೆಚ್ಚು ಜನ ನೀರುಪಾಲಾದರು.

ಹಡಗಿನಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ದಿಬ್ಬದ ಮೇಲೆ ನಿಂತರೆ ಕಾಣುವ ನೀರಿನಾಚೆಯೇ ಇಷ್ಟು ಜನ ಸಾಯುತ್ತಿದ್ದರೂ ನಗರಕ್ಕೆ ಸುಳಿವಿಲ್ಲ. ಧಕ್ಕೆಯಲ್ಲಿ ಎಂದಿನಂತೆ ಹಮಾಲರು ಹೊರೆ ಹೊರುತ್ತಿದ್ದರು. ಮೀನು ತುಂಬಿಕೊಂಡು ಮುಂಬಯಿಗೆ ಬರುತ್ತಿದ್ದ ಕೋಳಿಗಳು ತಮ್ಮ ಸರಕನ್ನು ನೀರಿಗೆಸೆದು, ಕೈಗೆ ಸಿಕ್ಕವರನ್ನು ದೋಣಿಗೆ ಎತ್ತಿಕೊಂಡರು. ಬದುಕಿ ಈಜಿ ಬಂದವರ ಬಾಯಿಂದಲೇ ಮುಂಬಯಿಗೆ ಸುದ್ದಿ ತಿಳಿದದ್ದು. ಆಗ ಮಧ್ಯಾಹ್ನ ಕಳೆದಿದ್ದಿತು. ಮೂರು ವರ್ಷಗಳ ಹಿಂದೆ ಡಾಕು ಸಿಡಿದಾಗ ಪರದೇಶದ ಆಕಾಶವಾಣಿಗೂ ಕೇಳಿಸಿದ ಊರು ಇದೇ.

ಆಗಬೋಟುಗಳ ಕಾಲ ಅದರಿಂದ ಮುಗಿಯಲಿಲ್ಲ. ಜನಕ್ಕೆ ಬೇರೆ ದಾರಿ ಇರಲಿಲ್ಲವಾದ್ದರಿಂದ ಮುಂದೆಯೂ ಹತ್ತಿದರು. ಮುಗಿಸಿದ್ದು ಅಪಘಾತವಲ್ಲ, ರಸ್ತೆ. ಕರಾವಳಿಯ ಹೊಳೆಗಳಿಗೆ ಸೇತುವೆಗಳಾದಂತೆ ಮನೆಯ ಬಾಗಿಲಿಗೇ ಬಸ್ಸು ಬಂದಿತು. ದಕ್ಷಿಣದ ಬಂದರುಗಳ ಹಡಗು ಮೊದಲು ನಿಂತು, ಪಣಜಿಯ ‘ಕೊಂಕಣಶಕ್ತಿ’, ‘ಕೊಂಕಣಸೇವಕ’ಗಳೂ 1980ರ ದಶಕ ಕಳೆಯುವುದರೊಳಗೆ ಕಣ್ಮರೆಯಾದವು. 1998ರಲ್ಲಿ ಕೊಂಕಣ ರೈಲು ಪೂರ್ಣವಾಯಿತು; ಕಾರವಾರದವರೂ ಕೊನೆಗೆ ನಡುಮನೆಯ ಕಡೆಯಿಂದಲೇ ಮುಂಬಯಿ ಹೊಗುವಂತಾಯಿತು. 2018ರಲ್ಲಿ ‘ಆಂಗ್ರಿಯಾ’ ಎಂಬ ವಿಲಾಸನೌಕೆ ಸಂಜೆ ಹೊರಟು ಬೆಳಗಿಗೆ ಗೋವೆ ಮುಟ್ಟುವ ಪಯಣವನ್ನು ಆರಂಭಿಸಿ, ಕೆಲವೇ ಋತುಗಳಲ್ಲಿ ನಿಂತಿತು. ಅದರಲ್ಲಿ ಈಜುಕೊಳವಿದ್ದಿತು, ಚಾಪೆ ಹಾಸುವ ಡೆಕ್ಕು ಇರಲಿಲ್ಲ.

ಧಕ್ಕೆ ಮಾತ್ರ ಬರಿದಾಗಿಲ್ಲ. ನಸುಕಿನಲ್ಲಿ ಮೀನಿನ ಹರಾಜು, ಹಗಲೆಲ್ಲ ಮೋರಾ ರೇವಸಗಳ ಕಡೆಗೆ ಲಾಂಚುಗಳು. 2020ರಿಂದ ಮಾಂಡವೆಗೆ ಮೋಟಾರುಗಳನ್ನೇ ಹೊತ್ತೊಯ್ಯುವ ದೊಡ್ಡ ಹಡಗು.

ಹಳೆಯ ಆಗಬೋಟಿನ ಕೊನೆಯ ಸಿಳ್ಳಿಗೆ ಊರು ಸುತ್ತಲು ಹೋದವರು ಓಡೋಡಿ ಬಂದು ಹಲಗೆ ಹತ್ತುತ್ತಿದ್ದರು. ಹಗ್ಗ ಬಿಚ್ಚಿದ ಮೇಲೆ ದಿಬ್ಬ ಸಣ್ಣದಾಗುತ್ತ ಹೋಗುತ್ತಿದ್ದಿತು. ಆಮೇಲೆ ಕ್ರೇನುಗಳೂ ಕರಗುತ್ತಿದ್ದುವು. ಬಂದರಿನ ಬಾಯಿ ದಾಟಿ ಖಾಂದೇರಿಯ ದೀಪಸ್ತಂಭದ ಕಡೆಗೆ ತಿರುಗುವ ಹೊತ್ತಿಗೆ ಡೆಕ್ಕಿನ ಮೇಲೆ ಬುತ್ತಿಯ ಗಂಟುಗಳು ಬಿಚ್ಚಿರುತ್ತಿದ್ದುವು. ಪಕ್ಕದ ಚಾಪೆಯವರು ಯಾವ ಊರಿನವರೆಂದು ವಿಚಾರಿಸುವುದು ಅಲ್ಲಿಂದ ಮೊದಲಾಗುತ್ತಿದ್ದಿತು.